ಹುಬ್ಬಿನ ಹಚ್ಚೆಯ ವರ್ಣದ್ರವ್ಯಗಳು: ಬಾಳಿಕೆ ಎಷ್ಟು, ಉಳಿಯುವುದು ಯಾವುದು?

ಹುಬ್ಬಿನ ಕೂದಲು ವಿರಳವಾದವರಿಗೆ ಸೂಜಿಯಿಂದ ಚರ್ಮದೊಳಗೆ ಬಣ್ಣ ತುಂಬುವ ಸೇವೆಯು ಇಂದು ನಗರಗಳ ಅನೇಕ ಬ್ಯೂಟಿ ಪಾರ್ಲರುಗಳಲ್ಲಿ ದೊರೆಯುತ್ತಿದೆ. ಇದಕ್ಕೆ ಬೇಕಾದ ವರ್ಣದ್ರವ್ಯಗಳನ್ನು ತರಿಸಿ ಮಾರುವ ವರ್ತಕರು ಎದುರಿಸುವ ಪ್ರಶ್ನೆ ‘ಎಷ್ಟು ವರ್ಷ ಬಾಳಿಕೆ?’ ಎಂಬುದು. ಸೀಸೆಯ ಮೇಲೆ ‘ಕಂದು’ ಎಂದು ಬರೆದಿದ್ದರೂ ಒಳಗಿರುವುದು ಹಲವು ವರ್ಣದ್ರವ್ಯಗಳ ಮಿಶ್ರಣ. ಅವೆಲ್ಲವೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಆದುದರಿಂದ ಬಣ್ಣ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕಿಂತ ಕೊನೆಯಲ್ಲಿ ಯಾವ ಬಣ್ಣ ಉಳಿಯುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಬಹುಕಾಲದಿಂದ ಬಳಕೆಯಲ್ಲಿರುವವು ಕಬ್ಬಿಣದ ಆಕ್ಸೈಡುಗಳು. ಕಲರ್ ಇಂಡೆಕ್ಸ್ ಪಟ್ಟಿಯಲ್ಲಿ ಕೆಂಪಿನ ಸಂಖ್ಯೆ 77491, ಹಳದಿಯದು 77492, ಕಪ್ಪಿನದು 77499. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಬಣ್ಣ ಕೊಟ್ಟದ್ದೂ ಇದೇ ಕೆಂಪು. (ಶುದ್ಧತೆಯ ದರ್ಜೆ ಬೇರೆ, ನೆಲದ ಪುಡಿಯನ್ನು ಚರ್ಮಕ್ಕೆ ಬಳಸುವ ಮಾತೇ ಇಲ್ಲ.) ನೆಲದಲ್ಲಿ ತಲೆಮಾರುಗಟ್ಟಲೆ ನಿಲ್ಲುವ ಈ ಬಣ್ಣವು ಹುಬ್ಬಿನಲ್ಲಿ ಸಾಮಾನ್ಯವಾಗಿ 1ರಿಂದ 3 ವರ್ಷಗಳಲ್ಲಿ ಮಾಸುತ್ತದೆ. ಇಲ್ಲಿ ಬಿಸಿಲಿಗಿಂತ ದೇಹದ ಪಾತ್ರವೇ ಹಿರಿದು. ಚರ್ಮದ ಭಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಡುತ್ತವೆ. ಒಂದು ಪಾಲು ದುಗ್ಧರಸದೊಡನೆ ಸಾಗಿಹೋಗುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಕಣಗಳನ್ನು ಹೊಸ ಕೋಶಗಳು ಪುನಃ ನುಂಗುತ್ತವೆಂಬುದನ್ನು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಹಳದಿ ಮೊದಲು ಮಾಸಿ ಕೆಂಪು ಉಳಿದರೆ ಹುಬ್ಬು ಇಟ್ಟಿಗೆಯ ಛಾಯೆಗೆ ತಿರುಗುತ್ತದೆ.

ಇಂಗಾಲದ ಕಪ್ಪು (77266) ಇದಕ್ಕೆ ವಿರುದ್ಧ ಸ್ವಭಾವದ್ದು. ಕಣಗಳು ಅತಿ ಸೂಕ್ಷ್ಮ, ಬಣ್ಣ ಗಾಢ. ಹಲವು ವರ್ಷಗಳ ನಂತರವೂ ಪೂರ್ಣವಾಗಿ ಹೋಗದು. ಆದರೆ ಚರ್ಮದ ಪದರದಡಿಯಿಂದ ನೋಡಿದಾಗ ಕಪ್ಪು ನೀಲಿ ಬೂದುಬಣ್ಣವಾಗಿ ತೋರುತ್ತದೆ. ಮಸಿಯಿಂದ ಹಾಕಿಸಿಕೊಂಡ ಅಜ್ಜಿಯರ ಮುಂಗೈ ಹಚ್ಚೆ ಹಸಿರುನೀಲಿಯಾಗಿ ಕಾಣುವುದೂ ಹೀಗೆಯೇ. ಹುಬ್ಬಿಗೆ ಅದು ಒಪ್ಪುವುದಿಲ್ಲ.

ಸಾವಯವ ವರ್ಣದ್ರವ್ಯಗಳು ಉಜ್ಜ್ವಲವಾಗಿರುತ್ತವೆ. ಬಾಳಿಕೆ ಒಂದೊಂದರದು ಒಂದೊಂದು ಬಗೆ. ತೊಡಕಿನದು ಟೈಟಾನಿಯಂ ಡೈಆಕ್ಸೈಡ್ (77891). ಛಾಯೆಯನ್ನು ತಿಳಿಗೊಳಿಸಲು ಬೆರೆಸುವ ಈ ಬಿಳುಪು ಉಳಿದೆಲ್ಲ ಬಣ್ಣ ಮಾಸಿದ ಮೇಲೂ ನಿಲ್ಲಬಲ್ಲದು. ತೆಗೆಸಲೆಂದು ಲೇಸರ್ ಹಾಯಿಸಿದರೆ ಒಮ್ಮೆಲೇ ಕಪ್ಪಾಗುವುದುಂಟು. ಕಬ್ಬಿಣದ ಆಕ್ಸೈಡಿಗೂ ಈ ಅಪಾಯವಿದೆ. ದೀರ್ಘ ಬಾಳಿಕೆಯನ್ನೇ ಗುಣವೆಂದು ಮಾರಿದವರಿಗೆ ದೂರು ಬರುವುದು ಇಂಥ ಸಂದರ್ಭದಲ್ಲಿ.

ಐರೋಪ್ಯ ಒಕ್ಕೂಟವು 2022ರ ಜನವರಿ 4ರಿಂದ ಹಚ್ಚೆಯ ಶಾಯಿಗಳಲ್ಲಿನ ಸಾವಿರಾರು ರಾಸಾಯನಿಕಗಳಿಗೆ ನಿರ್ಬಂಧ ವಿಧಿಸಿದೆ; ಹುಬ್ಬಿನ ವರ್ಣದ್ರವ್ಯಗಳೂ ಅದರೊಳಗೆ ಬರುತ್ತವೆ. ಆಮದು ಮಾಡುವವರು ಸರಬರಾಜುದಾರರಿಂದ ಕಲರ್ ಇಂಡೆಕ್ಸ್ ಸಂಖ್ಯೆಗಳ ಪೂರ್ಣ ಪಟ್ಟಿ, ಬ್ಯಾಚ್ ಸಂಖ್ಯೆ ಹಾಗೂ ಸೀಸ, ಆರ್ಸೆನಿಕ್, ನಿಕ್ಕಲ್‌ಗಳ ಪರೀಕ್ಷಾ ವರದಿಯನ್ನು ಕೇಳಿ ಪಡೆಯತಕ್ಕದ್ದು. ಪಟ್ಟಿಯಲ್ಲಿ 77266 ಅಥವಾ 77891 ಇದ್ದಲ್ಲಿ ಆ ವಿಷಯವನ್ನು ಪಾರ್ಲರಿನವರಿಗೆ ಮಾರಾಟದ ವೇಳೆಯಲ್ಲಿಯೇ ಲಿಖಿತವಾಗಿ ತಿಳಿಸುವುದು ಒಳ್ಳೆಯದು.