ಬೆತ್ತದಲ್ಲಿ ಹೆಣೆದ ನೆನಪು: ಇಂದಿನ ಕಾಂಬೋಡಿಯದ ಕಲೆ

ಕಾಂಬೋಡಿಯವೆಂದೊಡನೆ ವಿದ್ಯಾವಂತರ ಕಣ್ಣಮುಂದೆ ನಿಲ್ಲುವುದು ಅಂಕೋರ್‌ವಾಟದ ಶಿಲಾವೈಭವ. ಆ ದೇಶದ ಕಲೆಯೆಲ್ಲ ಹನ್ನೆರಡನೆಯ ಶತಮಾನಕ್ಕೇ ಮುಗಿಯಿತೆಂಬ ಭಾವನೆ ಹುಟ್ಟಲು ಆ ವೈಭವವೇ ಕಾರಣವಾಗಿರಬಹುದು. ಆದರೆ ಅಲ್ಲಿಯ ಇಂದಿನ ಕಲಾವಿದರಲ್ಲಿ ಕೆಲವರು ಕಲ್ಲನ್ನು ಬಿಟ್ಟು ಬೆತ್ತ, ಕಾಡುಬಳ್ಳಿ, ಮರಳುಗಳನ್ನು ಕೈಗೆತ್ತಿಕೊಂಡಿದ್ದಾರೆ. ಹೀಗೇಕಾಯಿತೆಂಬುದು ವಿಚಾರಣೀಯ.

1975ರ ಏಪ್ರಿಲಿನಿಂದ 1979ರ ಜನವರಿಯವರೆಗೆ ಆ ನಾಡು ಖ್ಮೇರ್ ರೂಜ್ ಆಳ್ವಿಕೆಗೆ ಸಿಲುಕಿತು. ನಗರಗಳನ್ನು ಬರಿದುಮಾಡಿ ಜನರನ್ನು ಹೊಲಗದ್ದೆಗಳಿಗೆ ಅಟ್ಟಲಾಯಿತು. ಹಸಿವು, ರೋಗ, ಕೊಲೆಗಳಿಂದ ಮಡಿದವರ ಸಂಖ್ಯೆ 15 ಲಕ್ಷಕ್ಕೂ ಮಿಗಿಲು. ನರ್ತಕರು, ವಾದಕರು, ಶಿಕ್ಷಕರು ಬಹುಸಂಖ್ಯೆಯಲ್ಲಿ ಅಳಿದರು. ಗ್ರಂಥವೊಂದು ಸುಟ್ಟರೆ ಇನ್ನೊಂದು ಪ್ರತಿ ಎಲ್ಲಾದರೂ ದೊರೆತೀತು; ಗುರುಮುಖದಿಂದಲೇ ಬರಬೇಕಾದ ಹಸ್ತಮುದ್ರೆಗೆ ಪ್ರತಿಯೆಲ್ಲಿಯದು?

ಶಿಲ್ಪಿ ಸೋಪೀಪ್ ಪಿಚ್ ಅವರು 1971ರಲ್ಲಿ ಬಟ್ಟಂಬಾಂಗ್ ಪ್ರಾಂತದಲ್ಲಿ ಜನಿಸಿ, ಆ ದುರ್ದಿನಗಳಲ್ಲಿ ಬಾಲ್ಯವನ್ನು ಕಳೆದು, ನಿರಾಶ್ರಿತರಾಗಿ ಅಮೆರಿಕವನ್ನು ಸೇರಿದರು. ಅಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿ 2002ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಕುಂಚವನ್ನು ಬದಿಗಿರಿಸಿ, ಹಳ್ಳಿಗರು ಬುಟ್ಟಿಗಳನ್ನೂ ಮೀನು ಹಿಡಿಯುವ ಸಾಧನಗಳನ್ನೂ ಹೆಣೆಯುವ ಬೆತ್ತ ಬಿದಿರುಗಳನ್ನೇ ಆಶ್ರಯಿಸಿದರು. ಸೀಳಿದ ಬೆತ್ತದ ಎಳೆಗಳನ್ನು ತಂತಿಯಿಂದ ಬಿಗಿದು ಆಕೃತಿಯನ್ನು ಎಬ್ಬಿಸುವುದು ಅವರ ಕ್ರಮ. ಹೊರಗಿನಿಂದ ನೋಡುವವನಿಗೆ ಒಳಗಿನ ಬಯಲೂ ಕಾಣುತ್ತದೆ.

ಅವರು 2009ರಲ್ಲಿ ರಚಿಸಿದ ಬುದ್ಧಮೂರ್ತಿಯೊಂದು ವಿಶೇಷವಾಗಿ ಮನನೀಯ. ಮುಖ, ಭುಜಗಳು ಒಡಮೂಡಿವೆ. ಕೆಳಗಿಳಿದಂತೆ ಹೆಣಿಗೆ ಸಡಿಲಗೊಂಡು ಎಳೆಗಳು ಬಿಡಿಬಿಡಿಯಾಗಿ ಇಳಿಬಿದ್ದಿವೆ. ಅವುಗಳ ತುದಿಗೆ ಕೆಂಪು ಬಣ್ಣ. 1979ರಲ್ಲಿ ಬಾಲಕನಾಗಿ ಕಂಡ, ನೆತ್ತರ ಕಲೆಗಳಿದ್ದ ವಿಹಾರದ ನೆನಪು ಅದರಲ್ಲಿದೆ. 2011ರ ಮತ್ತೊಂದು ಕೃತಿ, ನೀರಿನಲ್ಲಿ ಹಬ್ಬುವ ಸೊಪ್ಪಿನ ಬಳ್ಳಿಯೊಂದರ ಬೃಹತ್ ಹೂವು. ಹಸಿವಿನ ಆ ವರ್ಷಗಳಲ್ಲಿ ಅನೇಕರ ಜೀವ ಹಿಡಿದುದು ಆ ಸೊಪ್ಪೇ. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಈ ಕೃತಿಗಳನ್ನು ಪ್ರದರ್ಶಿಸಿತು.

ಅವರಿಗಿಂತ ಕಿರಿಯರಾದ ಖ್ವಾಯ್ ಸಾಮ್ನಾಂಗ್ ಅವರನ್ನು ಕಾಡುವುದು ಇಂದಿನ ನಷ್ಟ. ರಾಜಧಾನಿ ಫ್ನಾಮ್ ಪೆನ್ನಿನ ನಡುವೆ ಇದ್ದ ಬುಂಗ್ ಕಾಕ್ ಸರೋವರವನ್ನು 2008ರಿಂದ ಮರಳಿನಿಂದ ತುಂಬಲಾಯಿತು. ದಡದ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. 2011ರಲ್ಲಿ ಈ ಕಲಾವಿದರು ನಗರದ ಸರೋವರಗಳ ನೀರಿಗಿಳಿದು, ಬಕೆಟ್ಟಿನ ಮರಳನ್ನು ತಮ್ಮ ತಲೆಯ ಮೇಲೆಯೇ ಸುರಿದುಕೊಂಡು ಅದನ್ನು ಚಿತ್ರೀಕರಿಸಿದರು. ಇದೂ ಕಲೆಯೇ ಎಂದು ಸಂಪ್ರದಾಯನಿಷ್ಠರು ಮೂಗು ಮುರಿಯಬಹುದು. ಕೆರೆಯ ಮೈಮೇಲೆ ಸುರಿದುದನ್ನೇ ತನ್ನ ಮೈಮೇಲೆ ಸುರಿದುಕೊಂಡವನ ಮಾತಿಗೆ ವ್ಯಾಖ್ಯಾನವಾದರೂ ಏಕೆ ಬೇಕು?

ಮುಂದೆ ಅವರು ಅಣೆಕಟ್ಟಿನ ಯೋಜನೆಯ ಭೀತಿಯಲ್ಲಿದ್ದ ಅರೆಂಗ್ ಕಣಿವೆಗೆ ಹೋಗಿ, ಅಲ್ಲಿನ ಚೋಂಗ್ ವನವಾಸಿಗಳ ಒಡನಾಟದಲ್ಲಿದ್ದು, 2017ರಲ್ಲಿ ಹೊಸ ಕೃತಿಯೊಂದನ್ನು ರಚಿಸಿದರು. ಅದರಲ್ಲಿ ಬಳ್ಳಿಯಿಂದ ಹೆಣೆದ ಪ್ರಾಣಿಗಳ ಮುಖವಾಡಗಳಿವೆ. ಅವನ್ನು ಧರಿಸಿ ಕಾಡಿನಲ್ಲಿ, ಹೊಳೆಯಲ್ಲಿ ಚಲಿಸುವವರು ಸಾಂಪ್ರದಾಯಿಕ ನೃತ್ಯದಲ್ಲಿ ಪಳಗಿದ ನರ್ತಕ ನ್ಗೆತ್ ರಾಡಿ. ಗುರುಗಳಲ್ಲಿ ಬದುಕುಳಿದ ಕೆಲವೇ ಮಂದಿಯಿಂದ ಮುಂದಿನ ತಲೆಮಾರಿಗೆ ದಾಟಿಬಂದ ವಿದ್ಯೆ ಅದು.