ಚಿಪ್ ಬಾಯಿ ಬಿಡುವುದಿಲ್ಲ

“ಸಾರ್, ನಿಮ್ಮ ನಂಬಿಕೆಗಾಗಿ ಕಾರ್ಡಿನ ಮೊದಲ ಆರು ಅಂಕಿ ನಾನೇ ಹೇಳ್ತೀನಿ, ಸರಿ ಇದೆಯಾ ನೋಡ್ಕೊಳ್ಳಿ.”

ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಬಂದ ಫೋನು ಶುರುವಾದದ್ದು ಹೀಗೆ. ಅವರು ಕಾರ್ಡು ತೆಗೆದು ನೋಡಿದರು. ಆರಕ್ಕೆ ಆರೂ ಸರಿ. ಬ್ಯಾಂಕಿನವರಲ್ಲದೆ ಇನ್ಯಾರಿಗೆ ಗೊತ್ತಿದ್ದೀತು ಎಂದುಕೊಂಡು ಉಳಿದ ಅಂಕಿ, ಹಿಂಬದಿಯ ಮೂರಂಕಿ, ಕೊನೆಗೆ ಮೊಬೈಲಿಗೆ ಬಂದ ಓಟಿಪಿ, ಎಲ್ಲವನ್ನೂ ಓದಿ ಹೇಳಿದರು. ಮಕ್ಕಳಿಗೆ ಜೀವಮಾನವಿಡೀ ಗಣಿತ ಕಲಿಸಿದವರು ಅವರು. ಮೋಸಹೋದದ್ದು ದಡ್ಡತನದಿಂದಲ್ಲ. ಆ ಆರು ಅಂಕಿಯ ಅರ್ಥವೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ಅಂಕಿಗಳು ಮೇಷ್ಟ್ರವಲ್ಲ, ಬ್ಯಾಂಕಿನವು. ಕಾರ್ಡಿನ ಆರಂಭದ ಅಂಕಿಗಳು ಅದನ್ನು ಕೊಟ್ಟ ಬ್ಯಾಂಕು ಯಾವುದು, ಕಾರ್ಡು ಯಾವ ಬಗೆಯದು ಎಂಬುದರ ಗುರುತು. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡಿರುವ ಸಾವಿರಾರು ಜನರ ಕೈಯಲ್ಲಿ ಇವೇ ಅಂಕಿಗಳಿರುತ್ತವೆ. ಕೊನೆಯ ಅಂಕಿಯೂ ಗುಟ್ಟಲ್ಲ. ಉಳಿದ ಅಂಕಿಗಳನ್ನು ಕೂಡಿ ಕಳೆದು ತಾಳೆ ನೋಡಲು ಐಬಿಎಂ ಕಂಪನಿಯ ಹ್ಯಾನ್ಸ್ ಪೀಟರ್ ಲೂನ್ 1950ರ ದಶಕದಲ್ಲಿ ರೂಪಿಸಿದ ಸೂತ್ರದಿಂದ ಅದು ಹುಟ್ಟುತ್ತದೆ. ಸಂಖ್ಯೆ ಬರೆಯುವಾಗ ಆಗುವ ತಪ್ಪನ್ನು ಹಿಡಿಯುವುದಷ್ಟೇ ಅದರ ಕೆಲಸ, ಕಳ್ಳನನ್ನು ಹಿಡಿಯುವುದಲ್ಲ.

ಇಷ್ಟೆಲ್ಲ ಬಲ್ಲ ಕಳ್ಳ ಮೇಷ್ಟ್ರಿಗೆ ಫೋನು ಮಾಡಿ ಓಟಿಪಿ ಬೇಡುವ ಸ್ಥಿತಿಗೆ ಏಕೆ ಬಂದ? ಉತ್ತರ ಕಾರ್ಡಿನ ಎರಡು ಬದಿಗಳಲ್ಲಿದೆ.

ಹಿಂಬದಿಯ ಕಪ್ಪು ಪಟ್ಟಿ 1960ರ ದಶಕದ ಕಾಂತಪಟ್ಟಿ. ಐಬಿಎಂನಲ್ಲೇ ಇದ್ದ ಫಾರೆಸ್ಟ್ ಪ್ಯಾರಿ ಎಂಬ ಎಂಜಿನಿಯರ್ ಟೇಪಿನ ತುಂಡನ್ನು ಪ್ಲಾಸ್ಟಿಕ್ಕಿಗೆ ಅಂಟಿಸಲಾಗದೆ ಒದ್ದಾಡುತ್ತಿದ್ದಾಗ, ಅವರ ಹೆಂಡತಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಅಂಟಿಸಿಕೊಟ್ಟರಂತೆ. ಹಳೆಯ ಕ್ಯಾಸೆಟ್ಟಿನ ಹಾಗೆಯೇ ಆ ಪಟ್ಟಿಯಲ್ಲಿ ಕಾಂತೀಯ ಗುರುತುಗಳಾಗಿ ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇತ್ಯಾದಿ ಅಚ್ಚಾಗಿರುತ್ತವೆ. ಅದರ ದೌರ್ಬಲ್ಯವೂ ಕ್ಯಾಸೆಟ್ಟಿನದೇ: ಯಾರು ಕೇಳಿದರೂ ಪ್ರತಿ ಸಲ ಅದೇ ಹಾಡು. ಎಟಿಎಂನ ಕಾರ್ಡು ತೂರಿಸುವ ಬಾಯಿಗೆ ಸ್ಕಿಮ್ಮರ್ ಎಂಬ ಸಣ್ಣ ಓದುಗಯಂತ್ರ ಅಂಟಿಸಿ, ಪಿನ್ ಒತ್ತುವ ಬೆರಳಿನತ್ತ ಒಂದು ಪುಟ್ಟ ಕ್ಯಾಮೆರಾ ಇಟ್ಟರೆ ಕಳ್ಳನಿಗೆ ಅಷ್ಟೇ ಸಾಕಿತ್ತು. ಖಾಲಿ ಕಾರ್ಡಿಗೆ ಆ ಹಾಡನ್ನು ನಕಲು ಮಾಡಿ ಹಣ ತೆಗೆಯುತ್ತಿದ್ದ. 2016ರಲ್ಲಿ ನಮ್ಮ ದೇಶದ ಎಟಿಎಂ ಜಾಲದೊಳಗೇ ಕುತಂತ್ರಾಂಶ ಹೊಕ್ಕು ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಅಪಾಯಕ್ಕೆ ಸಿಲುಕಿತು. ಬ್ಯಾಂಕುಗಳು ಲಕ್ಷಗಟ್ಟಲೆ ಕಾರ್ಡು ಬದಲಿಸಬೇಕಾಯಿತು.

ಮುಂಬದಿಯ ಚಿನ್ನದ ಬಣ್ಣದ ಚೌಕದ ಕೆಳಗಿರುವ ಚಿಪ್ ಬೇರೆಯೇ ಜಾತಿ. ಅದೊಂದು ಪುಟಾಣಿ ಕಂಪ್ಯೂಟರು. ಅದರೊಳಗೆ ಒಂದು ಗುಪ್ತಕೀಲಿ ಇದೆ, ಆ ಕೀಲಿ ಎಂದೂ ಹೊರಬರುವುದಿಲ್ಲ. ನೀವು ಕಾರ್ಡನ್ನು ಯಂತ್ರಕ್ಕೆ ಕೊಟ್ಟಾಗ ಯಂತ್ರವು ಮೊತ್ತ, ದಿನಾಂಕ, ಜೊತೆಗೆ ಆ ಕ್ಷಣಕ್ಕೆ ಹುಟ್ಟಿಸಿದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಚಿಪ್‌ಗೆ ಒಪ್ಪಿಸುತ್ತದೆ. ಚಿಪ್ ಇದು ತನ್ನ ಎಷ್ಟನೆಯ ವ್ಯವಹಾರ ಎಂಬ ಎಣಿಕೆಯನ್ನೂ ಸೇರಿಸಿ, ಎಲ್ಲವನ್ನೂ ಕೀಲಿಯೊಡನೆ ಅರೆದು ಒಂದು ಸಂಕೇತ ಕೊಡುತ್ತದೆ. ಬ್ಯಾಂಕು ತನ್ನ ಬಳಿಯ ಕೀಲಿಯಿಂದ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ನಡುವೆ ಕದ್ದು ಕೇಳಿದವನಿಗೆ ಸಿಗುವುದು ಆ ಒಂದು ಸಲಕ್ಕೆ ಮುಗಿದುಹೋದ ಮಾತು. ಮರುದಿನ ಅದಕ್ಕೆ ಬೆಲೆಯಿಲ್ಲ. 2018ರ ಡಿಸೆಂಬರ್ 31ರೊಳಗೆ ಎಲ್ಲ ಕಾರ್ಡಿಗೂ ಚಿಪ್ ಬರಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟದ್ದು ಇದೇ ಕಾರಣಕ್ಕೆ.

ಆದರೆ ಆನ್‌ಲೈನ್ ಅಂಗಡಿಯಲ್ಲಿ ಚಿಪ್‌ಗೆ ಕೆಲಸವಿಲ್ಲ. ಅಲ್ಲಿ ನಾವು ತುಂಬುವ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಎಲ್ಲವೂ ಬದಲಾಗದ ಮಾತುಗಳು, ಮತ್ತೆ ಅದೇ ಕ್ಯಾಸೆಟ್ಟು. ಆ ಕೊರತೆ ತುಂಬಲು ನಮ್ಮಲ್ಲಿ 2009ರಿಂದ ಆನ್‌ಲೈನ್ ವ್ಯವಹಾರಕ್ಕೆ ಇನ್ನೊಂದು ದೃಢೀಕರಣ ಕಡ್ಡಾಯವಾಯಿತು. ಇಂದು ಬಹುಪಾಲು ಅದು ಓಟಿಪಿ. ಅಂದರೆ ಚಿಪ್ ಮಾಡುತ್ತಿದ್ದ ಕೆಲಸ, ಪ್ರತಿ ಸಲ ಹೊಸ ಮಾತು ಹೇಳುವ ಕೆಲಸ, ಈಗ ನಮ್ಮ ಪಾಲಿಗೆ ಬಂದಿದೆ. ಚಿಪ್‌ನ ಬಾಯಿ ಬಿಡಿಸಲಾಗದ ಕಳ್ಳ ಮನುಷ್ಯನ ಬಾಯಿ ಬಿಡಿಸುತ್ತಾನೆ. ಬಿಡಿಸಲಾಗದಿದ್ದರೆ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆಯೆಂದೋ ಟ್ರಾಫಿಕ್ ದಂಡದ ಚಲನ್ ಎಂದೋ ಹೆಸರಿಟ್ಟು ಎಪಿಕೆ ಎಂಬ ಆ್ಯಪ್ ಫೈಲು ಕಳಿಸುತ್ತಾನೆ. ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ಮೊಬೈಲಿಗೆ ಬರುವ ಎಸ್ಸೆಮ್ಮೆಸ್ಸುಗಳು ನಮಗೆ ತಿಳಿಯದೆ ಅವನಿಗೂ ತಲುಪುತ್ತವೆ. ಕರೆಯೋಲೆಗೆ ಚಿತ್ರವೋ ಪಿಡಿಎಫ್ಫೋ ಸಾಕು, ಅದಕ್ಕೆ ಆ್ಯಪ್ ಬೇಕಿಲ್ಲ. ಈ ಒಂದು ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಕೆಲವು ವಿದೇಶಿ ಜಾಲತಾಣಗಳು ಓಟಿಪಿ ಕೇಳುವುದೇ ಇಲ್ಲ, ಸಂಖ್ಯೆ ಮತ್ತು ಮೂರಂಕಿ ಇದ್ದರೆ ಸಾಕು. ಆದ್ದರಿಂದ ಹೊರದೇಶಕ್ಕೆ ಹೋಗದವರು ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ಇಂದೇ ಮುಚ್ಚಿಡುವುದು ಒಳ್ಳೆಯದು. ಈ ಸೌಲಭ್ಯವನ್ನು ಬ್ಯಾಂಕುಗಳು ಕೊಡಲೇಬೇಕೆಂಬ ನಿಯಮ 2020ರಿಂದ ಇದೆ. ಶಾಪಿಂಗ್ ತಾಣದಲ್ಲಿ ಕಾರ್ಡು ಉಳಿಸುವಾಗ ಟೋಕನ್ ಮಾಡಲು ಒಪ್ಪಿಗೆ ಕೇಳಿದರೆ ಹೆದರಬೇಕಿಲ್ಲ. 2022ರ ಅಕ್ಟೋಬರ್‌ನಿಂದ ಅಂಗಡಿಗಳು ನಿಮ್ಮ ನಿಜವಾದ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಆ ಅಂಗಡಿಗಷ್ಟೇ ನಡೆಯುವ ಒಂದು ಟೋಕನ್ ಇರುತ್ತದೆ. ಅದನ್ನು ಕದ್ದವನಿಗೆ ಬೇರೆಲ್ಲೂ ಉಪಯೋಗವಿಲ್ಲ.

ಮೇಷ್ಟ್ರ ವಿಷಯದಲ್ಲಿ ನನಗೆ ಹೆಚ್ಚು ನೋವಾದದ್ದು ಹಣ ಹೋದದ್ದಕ್ಕಲ್ಲ. ಅವರು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಶಿಷ್ಯರು ಏನೆಂದಾರು, ಮಗ ಏನೆಂದಾನು ಎಂಬ ನಾಚಿಕೆ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಗಂಟೆಗಳಲ್ಲೇ ಖಾತೆಯಿಂದ ಖಾತೆಗೆ ಹಾರಿ ಎಲ್ಲೋ ನಗದಾಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನು ಮಾಡಿದರೆ ಆ ದೂರು ದಾರಿಯಲ್ಲಿರುವ ಬ್ಯಾಂಕುಗಳಿಗೆ ತಲುಪಿ, ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯಲು ಅವಕಾಶವಿರುತ್ತದೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯೂ ಗಡಿಯಾರ ನೋಡಿಯೇ ಹೊಣೆ ಹಂಚುತ್ತದೆ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಓಟಿಪಿ ತಾನೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಅವನದು, ದೂರು ಕೊಟ್ಟ ಮೇಲಿನದು ಬ್ಯಾಂಕಿನದು.

ನಿಮ್ಮ ಮನೆಯ ಹಿರಿಯರು ಹೀಗೆ ಮೋಸಹೋದರೆ ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ಹೇಳುವುದೇ ಇಲ್ಲ. ಮೊದಲು 1930ಕ್ಕೆ ಫೋನು ಮಾಡಿ, ಹಿಂದೆಯೇ ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ, ಆಮೇಲೆ ಅವರ ಪಕ್ಕದಲ್ಲಿ ಕುಳಿತು ಏನಾಯಿತೆಂದು ಕೇಳಿ.