ಫೋನು ಜಾಲಕ್ಕೆ ಸೇರುವುದು ಎಲ್ಲಿ?

ಬಸ್ಸಿನಲ್ಲಿ ಕೂತು ಮಾತಾಡುತ್ತಿರುವಾಗ ನಮ್ಮ ಫೋನು ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತ ಸಾಗುತ್ತದೆ. ಈ ಬದಲಾವಣೆಗೆ ಹ್ಯಾಂಡೊವರ್ ಎಂದು ಹೆಸರು. ಸಾಮಾನ್ಯವಾಗಿ ಅದು ನಮ್ಮ ಗಮನಕ್ಕೂ ಬರುವುದಿಲ್ಲ. ಆದರೆ ಮನೆಯ ವೈಫೈ ದಾಟಿ ಮೊಬೈಲ್ ಡೇಟಾಕ್ಕೆ ಬಂದ ಕೂಡಲೇ ವಿಡಿಯೊ ಕರೆ ತಡವರಿಸುವುದುಂಟು, ಕಡಿದೇ ಹೋಗುವುದೂ ಉಂಟು. ಎರಡು ಸಲವೂ ಬದಲಾದದ್ದು ಫೋನು ಜಾಲಕ್ಕೆ ಸೇರುವ ಜಾಗ, ಅಂದರೆ ಜೋಡಣಾ ಬಿಂದು. ಹಾಗಿದ್ದೂ ಪರಿಣಾಮ ಬೇರೆ ಬೇರೆ. ಏಕೆಂದರೆ ಜೋಡಣಾ ಬಿಂದು ಒಂದೇ ಅಲ್ಲ, ಪದರಕ್ಕೊಂದು ಇದೆ.

ಪದರಕ್ಕೊಂದು ಬಿಂದು

ಜಾಲದ ಕೆಲಸವನ್ನು ಪದರಗಳಾಗಿ ಹಂಚಿರುತ್ತಾರೆ. ಮೊದಲ ಪದರದ್ದು ರೇಡಿಯೊ ಅಲೆಗಳ ವ್ಯವಹಾರ. ಇಲ್ಲಿ ಫೋನು ಸೇರುವುದು ಆಂಟೆನಾಕ್ಕೆ. ಎರಡನೆಯದು ಕೊಂಡಿಯ ಪದರ. ಪಕ್ಕದ ಸಾಧನದೊಡನೆ ದತ್ತಾಂಶದ ತುಣುಕುಗಳನ್ನು ತಪ್ಪಿಲ್ಲದೆ ಕೊಟ್ಟು ತೆಗೆದುಕೊಳ್ಳುವುದು ಇದರ ಹೊಣೆ. ವೈಫೈಯಲ್ಲಿ ಈ ಪದರದ ಬಿಂದು ಆಕ್ಸೆಸ್ ಪಾಯಿಂಟ್; ಅದನ್ನು ಗುರುತಿಸಲು 48 ಬಿಟ್‌ಗಳ ವಿಳಾಸವಿದೆ. ಮೂರನೆಯದು ಇಂಟರ್‌ನೆಟ್ಟಿನ ಪದರ. ಫೋನಿನ ಐಪಿ ವಿಳಾಸ ಯಾವ ರೂಟರ್ ಅಥವಾ ಗೇಟ್‌ವೇಗೆ ಸೇರಿದೆಯೋ ಅದೇ ಇಲ್ಲಿನ ಬಿಂದು.

4ಜಿ ಜಾಲದಲ್ಲಿ ಟವರು ಬದಲಾದರೆ ಎರಡನೇ ಪದರದ ಬಿಂದು ಬದಲಾಗುತ್ತದೆ. ಆದರೆ ಐಪಿ ವಿಳಾಸ ಕೊಟ್ಟ ಗೇಟ್‌ವೇ ದೂರದಲ್ಲೆಲ್ಲೋ ಇರುತ್ತದೆ, ಸಾಮಾನ್ಯವಾಗಿ ಅದು ಬದಲಾಗುವುದಿಲ್ಲ. ಅಲ್ಲಿಂದ ಹೊಸ ಟವರಿನ ಕಡೆಗೆ ದತ್ತಾಂಶದ ದಾರಿಯನ್ನು ತಿರುಗಿಸಿದರೆ ಸಾಕು. ವೈಫೈ ಬಿಟ್ಟು ಡೇಟಾಕ್ಕೆ ಬಂದಾಗ ಸಾಮಾನ್ಯವಾಗಿ ಮೂರನೇ ಪದರದ ಬಿಂದುವೂ ಬದಲಾಗಿ ಐಪಿ ವಿಳಾಸ ಹೊಸದಾಗುತ್ತದೆ. ಟಿಸಿಪಿ ಸಂಪರ್ಕವನ್ನು ಗುರುತಿಸುವುದೇ ಎರಡೂ ತುದಿಗಳ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳಿಂದ. ವಿಳಾಸ ಹೋದರೆ ಸಂಪರ್ಕವೂ ಹೋಯಿತು.

ಎಂಐಟಿಯ ಜೆರೋಮ್ ಸಾಲ್ಟ್ಸರ್ 1982ರಲ್ಲೇ ಈ ತೊಡಕಿನ ಬೇರನ್ನು ಬಿಡಿಸಿಟ್ಟಿದ್ದರು. ಸೇವೆ, ಯಂತ್ರ, ಜೋಡಣಾ ಬಿಂದು, ದಾರಿ ಈ ನಾಲ್ಕಕ್ಕೂ ಬೇರೆ ಬೇರೆ ಗುರುತು ಬೇಕೆಂಬುದು ಅವರ ವಾದ. ಆ ಬರಹ 1993ರಲ್ಲಿ ಆರ್‌ಎಫ್‌ಸಿ 1498 ಆಗಿ ಮತ್ತೆ ಹೊರಬಂತು. ಐಪಿ ವಿಳಾಸ ಹೇಳುವುದು ಯಂತ್ರ ಎಲ್ಲಿ ಸೇರಿದೆ ಎಂಬುದನ್ನು. ನಾವು ಅದನ್ನು ಯಂತ್ರದ ಹೆಸರಿನಂತೆ ಬಳಸುತ್ತ ಬಂದಿದ್ದೇವೆ.

802.21 ಎಳೆದ ಗೆರೆ

ವೈಫೈ, ವೈಮ್ಯಾಕ್ಸ್, ಮೊಬೈಲ್ ಹೀಗೆ ಬೇರೆ ಬೇರೆ ಬಗೆಯ ಜಾಲಗಳ ನಡುವಿನ ಹ್ಯಾಂಡೊವರ್‌ಗಾಗಿ ಐಇಇಇ ಸಂಸ್ಥೆ 2009ರಲ್ಲಿ 802.21 ಮಾನಕವನ್ನು ಪ್ರಕಟಿಸಿತು. ಎಲ್ಲ ಜಾಲಕ್ಕೂ ಒಪ್ಪುವಂತೆ ಜೋಡಣಾ ಬಿಂದುವನ್ನು ಹೇಳುವುದು ಹೇಗೆ? ಎರಡನೇ ಪದರದ ಕೊಂಡಿಯ ಒಂದು ತುದಿಯಲ್ಲಿ ಫೋನಿದ್ದರೆ, ಜಾಲದ ಕಡೆಯ ಇನ್ನೊಂದು ತುದಿಯೇ ಜೋಡಣಾ ಬಿಂದು ಎಂದು ಮಾನಕ ಗೆರೆ ಎಳೆಯಿತು. ಕೊಂಡಿ ಸಡಿಲವಾಗುವ ಮುನ್ಸೂಚನೆ, ಸುತ್ತಲಿನ ಜಾಲಗಳ ಮಾಹಿತಿ ಮುಂತಾದವನ್ನು ಫೋನಿನೊಡನೆ ಹಂಚಿಕೊಳ್ಳುವ ಜಾಲದ ಘಟಕಕ್ಕೆ ಸೇವಾ ಬಿಂದು ಎಂಬ ಬೇರೆ ಹೆಸರಿಟ್ಟಿತು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರಬಹುದು, ಇರಲೇಬೇಕೆಂದಿಲ್ಲ.

ಕೊಂಡಿ ಕೊನೆಯಾಗುವುದೆಲ್ಲಿ ಎಂಬುದೂ ಎಲ್ಲೆಡೆ ಒಂದೇ ಥರ ಇಲ್ಲ. 3ಜಿಯ ಯುಎಂಟಿಎಸ್ ಜಾಲದಲ್ಲಿ ಟವರಿನದು ಮುಖ್ಯವಾಗಿ ರೇಡಿಯೊ ಕೆಲಸ. ಎರಡನೇ ಪದರದ ಬಹುಪಾಲು ಮುಗಿಯುವುದು ಹಲವು ಟವರುಗಳನ್ನು ನೋಡಿಕೊಳ್ಳುವ ನಿಯಂತ್ರಕದಲ್ಲಿ. ಹೀಗಾಗಿ ಫೋನು ಏಕಕಾಲಕ್ಕೆ ಎರಡು ಮೂರು ಟವರುಗಳೊಡನೆ ಮಾತಾಡಿದರೂ ಆ ತುದಿ ಒಂದೇ ಆಗಿರಬಲ್ಲದು. 4ಜಿಯಲ್ಲಿ ಆ ಕೆಲಸವೆಲ್ಲ ಬೇಸ್ ಸ್ಟೇಷನ್ನಿಗೇ ಬಂತು. 5ಜಿಯಲ್ಲಿ ಬೇಸ್ ಸ್ಟೇಷನ್ನನ್ನು ಕೇಂದ್ರ ಘಟಕ, ಹಂಚಿಕೆ ಘಟಕ ಎಂದು ಒಡೆಯಬಹುದಾದ್ದರಿಂದ ಎರಡನೇ ಪದರವೇ ಎರಡು ಕಡೆ ಹರಡಿಕೊಳ್ಳಬಲ್ಲದು. ಕಣ್ಣಿಗೆ ಕಾಣುವ ಟವರೇ ಜೋಡಣಾ ಬಿಂದು ಎಂದು ಎಲ್ಲ ಕಡೆಯೂ ಹೇಳಲಾಗದು.

ಗುರುತು ಬೇರೆ, ನೆಲೆ ಬೇರೆ

ಮೂರನೇ ಪದರದ ತೊಡಕಿಗೆ 1996ರ ಮೊಬೈಲ್ ಐಪಿ ಒಂದು ದಾರಿ ತೋರಿಸಿತ್ತು. ಫೋನಿಗೆ ಬದಲಾಗದ ಮೂಲ ವಿಳಾಸವೊಂದು, ಇದ್ದಲ್ಲಿಯ ತಾತ್ಕಾಲಿಕ ವಿಳಾಸವೊಂದು. ಮೂಲ ವಿಳಾಸಕ್ಕೆ ಬಂದದ್ದನ್ನು ಪ್ರತಿನಿಧಿ ರೂಟರೊಂದು ತಾತ್ಕಾಲಿಕ ವಿಳಾಸಕ್ಕೆ ದಾಟಿಸುತ್ತದೆ. ಈ ವಿಧಾನವಾಗಲಿ 802.21 ಆಗಲಿ ನಮ್ಮ ಫೋನುಗಳಲ್ಲಿ ಹೆಚ್ಚು ಬೇರೂರಲಿಲ್ಲ. ಆದರೆ ಗುರುತನ್ನೂ ನೆಲೆಯನ್ನೂ ಬೇರೆಯಾಗಿಡಬೇಕೆಂಬ ತಿಳಿವಳಿಕೆ ಉಳಿಯಿತು. 2021ರಲ್ಲಿ ಮಾನಕವಾದ ಕ್ವಿಕ್ ಪ್ರೋಟೊಕಾಲ್ ಪ್ರತಿ ಸಂಪರ್ಕಕ್ಕೂ ಐಪಿ ವಿಳಾಸವನ್ನು ನೆಚ್ಚದ ಗುರುತುಗಳನ್ನು ಕೊಡುತ್ತದೆ. ಅದನ್ನು ಬಳಸುವ ಆ್ಯಪ್‌ನಲ್ಲಿ ವೈಫೈ ಹೋಗಿ ಡೇಟಾ ಬಂದರೂ ಅದೇ ಸಂಪರ್ಕ ಮುಂದುವರಿಯಬಲ್ಲದು.